ಮೊಣಕಾಲ ಹತ್ತಿರ ಕೂತಿದ್ದ ಗಾಯಕ

ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಕಾರುಗಳಿಗೆ ಸ್ಪೀಕರ್ ಕೂರಿಸುವ ಕೆಲಸ ನನ್ನದು. ಹದಿನಾಲ್ಕು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ಗಿರಾಕಿಗಳ ದೂರು ಹೆಚ್ಚುಕಮ್ಮಿ ಎರಡೇ. ಒಂದು, ‘ಬೇಸ್ ಸಾಲ್ದು’. ಇನ್ನೊಂದು, ‘ಡೋರ್ ಗಡಗಡ ಅಂತಿದೆ’. ಕಳೆದ ವರ್ಷ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಮಾತ್ರ ಬೇರೆಯದನ್ನೇ ಹೇಳಿದರು.

“ನೋಡಪ್ಪಾ, ಪಿ.ಬಿ. ಶ್ರೀನಿವಾಸ್ ನನ್ನ ಬಲ ಮೊಣಕಾಲ ಹತ್ತಿರ ಕೂತು ಹಾಡ್ತಾ ಇದಾರೆ. ಅವರನ್ನ ಎದುರಿಗೆ ಕೂರಿಸೋಕಾಗುತ್ತಾ?”

ನಗು ಬಂತು. ಆದರೆ ಆ ಸ್ಪೀಕರ್ ಹಾಕಿದ್ದು ತಿಂಗಳ ಹಿಂದೆ ನಾನೇ. ಅವರ ಸೀಟಲ್ಲಿ ಕೂತು ಕೇಳಿದೆ. ಅವರು ಹೇಳಿದ್ದು ನಿಜ. ದನಿ ಬಲ ಬಾಗಿಲ ಜಾಲರಿಯಿಂದಲೇ ಬರುತ್ತಿತ್ತು. ಎಡಗಡೆ ಸ್ಪೀಕರ್ ಇದೆ ಅನ್ನೋದೇ ಗೊತ್ತಾಗುತ್ತಿರಲಿಲ್ಲ.

ಅವರು ತಂದಿದ್ದು ಅರವತ್ತರ ದಶಕದ ಹಾಡು. ಆ ಕಾಲದ ನಮ್ಮ ಸಿನಿಮಾ ಹಾಡೆಲ್ಲ ಮೋನೋ. ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಸದ್ದು. ಹಾಗಾಗಿ ಎರಡೂ ಕಡೆ ಸರಿಯಿದ್ದರೆ ದನಿ ಡ್ಯಾಶ್‌ಬೋರ್ಡ್ ನಡುವೆ ಒಂದು ಚುಕ್ಕಿಯ ಹಾಗೆ ನಿಲ್ಲಬೇಕು. ಅದಕ್ಕಿಂತ ಒಳ್ಳೆ ಟೆಸ್ಟ್ ಹಾಡು ಸಿಗಲ್ಲ. ಸ್ಟೀರಿಯೋ ಎಫೆಕ್ಟ್ ತುಂಬಿದ ಹೊಸ ಹಾಡು ಹಾಕಿ ‘ಸೂಪರ್’ ಅನ್ನಿಸಿಕೊಳ್ಳೋದು ಸುಲಭ. ನಾನೂ ಅಷ್ಟು ದಿನ ಅದನ್ನೇ ಮಾಡಿದ್ದೆ.

ಟೇಪ್ ತೆಗೆದು ಅಳೆದೆ. ತಲೆ ಇರುವ ಜಾಗದಿಂದ ಬಲ ಬಾಗಿಲ ಸ್ಪೀಕರ್‌ಗೆ 92 ಸೆಂಟಿಮೀಟರ್. ಎಡ ಬಾಗಿಲದ್ದಕ್ಕೆ 146. ಅಂತರ 54. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಓಡುತ್ತದೆ. ಅಂದರೆ ಬಲಗಡೆಯ ಸದ್ದು 1.6 ಮಿಲಿಸೆಕೆಂಡ್ ಮೊದಲೇ ಬಂದು ಮುಟ್ಟುತ್ತಿತ್ತು. ಇಷ್ಟೇನಾ ಅನ್ನಿಸಬಹುದು. ಪಕ್ಕದಿಂದ ಬಂದ ಸದ್ದು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಗಲು ಬೇಕಾಗೋದೇ ಜಾಸ್ತಿ ಅಂದ್ರೆ 0.7 ಮಿಲಿಸೆಕೆಂಡ್. ಅಷ್ಟರಲ್ಲೇ ಕಿವಿ ದಿಕ್ಕು ಹೇಳಿಬಿಡುತ್ತದೆ. ಮೊದಲು ಬಂದವನಿಗೇ ಮಣೆ. ಆಮೇಲೆ ಬಂದ ಅದೇ ಸದ್ದನ್ನು ಅದು ದಿಕ್ಕಿಗೆ ಲೆಕ್ಕ ಹಿಡಿಯೋದೇ ಇಲ್ಲ.

ಬ್ಯಾಲೆನ್ಸ್ ಎಡಕ್ಕೆ ತಿರುಗಿಸಿದರೆ ಆಗಲ್ವಾ? ದನಿ ಸ್ವಲ್ಪ ನಡುವಿಗೆ ಬರುತ್ತದೆ, ಹೌದು. ಆದರೆ ಚುಕ್ಕಿಯಾಗಿ ಬರಲ್ಲ, ಹರಡಿಕೊಂಡು ಬರುತ್ತದೆ. ಜೋರು ಬದಲಾಯಿತೇ ಹೊರತು ಹೊತ್ತು ಬದಲಾಗಲಿಲ್ಲವಲ್ಲ.

ಮೊದಲು ಟ್ವೀಟರ್, ಅಂದರೆ ತೆಳು ಸದ್ದು ಕೊಡುವ ಪುಟ್ಟ ಸ್ಪೀಕರ್‌ಗಳನ್ನು ನೋಡಿದೆ. ಅವು ಡ್ಯಾಶ್ ಮೂಲೆಯಲ್ಲಿ ಗಾಜಿಗೆ ಮುಖ ಮಾಡಿಕೊಂಡಿದ್ದವು. ನೇರ ಬರುವ ಸದ್ದಿನ ಜೊತೆ ಗಾಜಿಗೆ ಬಡಿದು ಬಂದದ್ದೂ ಸೇರಿ ಕಲಸಿಹೋಗುತ್ತಿತ್ತು. ಅದರ ಜೊತೆ ಇನ್ನೊಂದು ತೊಂದರೆ. ಹಾಡಿನ ‘ಸ’ ಮೇಲಿಂದ, ‘ಆ’ ಕೆಳಗಿಂದ. ಒಬ್ಬನೇ ಗಾಯಕನ ಬಾಯಿ ಒಂದು ಕಡೆ, ಎದೆ ಇನ್ನೊಂದು ಕಡೆ. ಟ್ವೀಟರ್‌ಗಳನ್ನು ಕನ್ನಡಿ ಪಕ್ಕದ ತ್ರಿಕೋನಕ್ಕೆ ಇಳಿಸಿ, ಒಳಗಿನ ಮೇಲ್ಛಾವಣಿ ದೀಪದ ಕಡೆಗೆ ತಿರುಗಿಸಿದೆ. ಬಾಗಿಲ ದೊಡ್ಡ ಸ್ಪೀಕರ್‌ಗೂ ಅದಕ್ಕೂ ದೂರ ಕಮ್ಮಿಯಾಯಿತು. ದನಿ ಒಂದೇ ಆಯಿತು, ಡ್ಯಾಶ್ ಎತ್ತರಕ್ಕೂ ಬಂತು. ಕಿವಿ ಎತ್ತರವನ್ನು ಹುಡುಕೋದು ಹೆಚ್ಚಾಗಿ ಈ ಮೇಲಿನ ಸದ್ದುಗಳಲ್ಲೇ.

ಬಾಗಿಲ ತಗಡು ನಡುಗದ ಹಾಗೆ ಹಾಳೆ ಅಂಟಿಸುವ ಡ್ಯಾಂಪಿಂಗ್ ಮೊದಲೇ ಆಗಿತ್ತು. ಒಳ ತಗಡಿನ ದೊಡ್ಡ ತೂತುಗಳನ್ನು ಮುಚ್ಚಿದ್ದೆ. ಮುಚ್ಚದಿದ್ದರೆ ಸ್ಪೀಕರ್ ಹಿಂದಿನ ಸದ್ದು ಮುಂದಕ್ಕೆ ನುಗ್ಗಿ ಬೇಸ್ ತಿಂದುಹಾಕುತ್ತದೆ. (ಹೊಸಬರಿಗೆ ಒಂದು ಮಾತು: ಬಾಗಿಲ ತಳದ ನೀರು ಹೋಗುವ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಒಂದು ಮಳೆಗಾಲ ಸಾಕು, ತಗಡು ತುಕ್ಕು. ಸ್ಪೀಕರ್ ಕೆಳಗಿನ ರಿಂಗ್ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯದ್ದಾದರೆ ಅದೂ ಊದಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನದು ಹಾಕಿ.)

ಆಮೇಲೆ ಡಿಎಸ್‌ಪಿ ಹಾಕಿದೆ. ಒಂದೊಂದು ಸ್ಪೀಕರ್‌ನ ಸದ್ದನ್ನೂ ಬೇಕಾದಷ್ಟು ತಡ ಮಾಡಿ, ಅಂದರೆ ಡಿಲೇ ಹಾಕಿ, ಕಳಿಸುವ ಪೆಟ್ಟಿಗೆ ಅದು. ಎಲ್ಲಕ್ಕಿಂತ ದೂರ ಇದ್ದದ್ದು ಬರೀ ಬೇಸ್ ಕೊಡುವ ಡಿಕ್ಕಿಯ ಸಬ್‌ವೂಫರ್, 190 ಸೆಂಟಿಮೀಟರ್. ಉಳಿದವರೆಲ್ಲ ಅವನಿಗಾಗಿ ಕಾಯಬೇಕು. ಎಡ ಬಾಗಿಲಿಗೆ 1.28 ಮಿಲಿಸೆಕೆಂಡ್, ಬಲಕ್ಕೆ 2.86. ಟ್ವೀಟರ್‌ಗಳಿಗೆ ಅವುಗಳ ಲೆಕ್ಕ ಬೇರೆ. ನಂಬರ್ ಒತ್ತಿ, ಅದೇ ಹಾಡು ಹಾಕಿ, ಕಣ್ಣು ಮುಚ್ಚಿ ಕೂತೆ.

ಕೆಟ್ಟುಹೋಯಿತು. ದನಿ ಮೊಣಕಾಲಲ್ಲೂ ಇಲ್ಲ, ಎದುರಿಗೂ ಇಲ್ಲ. ತಲೆಯ ಸುತ್ತ ಎಲ್ಲೋ ತೇಲುತ್ತಿತ್ತು. ತಬಲಾದ ಎಡಗೈ ಹೊಡೆತ ಮಾಯ. ಡಿಲೇ ತೆಗೆದರೆ ಮೈ ತುಂಬಿ ಕೇಳುತ್ತದೆ, ಹಾಕಿದರೆ ಒಣಗುತ್ತದೆ. ಟೇಪಿನ ಲೆಕ್ಕವೇ ಸುಳ್ಳು ಅಂತ ತೀರ್ಮಾನಿಸಿ, ಎರಡು ದಿನ ನಂಬರುಗಳನ್ನು ಹಿಂದೆ ಮುಂದೆ ತಳ್ಳುತ್ತಾ ಕೂತೆ. ಈಕ್ವಲೈಜರ್‌ನಲ್ಲಿ ಬೇಸ್ ಎತ್ತಿದೆ. ಎತ್ತಿದಷ್ಟೂ ಕೆಟ್ಟಿತು.

ಮೂರನೇ ದಿನ ನಮ್ಮ ಹುಡುಗ ಕೇಳಿದ, “ಅಣ್ಣ, ಪೊಲಾರಿಟಿ ನೋಡಿದ್ರಾ?” ನನಗೆ ಸಿಟ್ಟೇ ಬಂತು. ಇಷ್ಟು ವರ್ಷದ ಮೇಲೆ ಪ್ಲಸ್ಸು ಮೈನಸ್ಸು ನೋಡ್ಬೇಕಾ? ಅವನು ಸುಮ್ನೆ ಗೋಡೆ ಗಡಿಯಾರದ 1.5 ವೋಲ್ಟ್ ಶೆಲ್ಲು ಬಿಚ್ಚಿಕೊಂಡು ಬಂದ. ಆಂಪ್ಲಿಫೈಯರ್ ಕಡೆಯಿಂದ ಬಾಗಿಲಿನ ವೈರ್ ಬಿಚ್ಚಿ, ಪ್ಲಸ್ಸಿಗೆ ಪ್ಲಸ್ ಮುಟ್ಟಿಸಿದ. ಬಲಗಡೆ ಸ್ಪೀಕರ್‌ನ ಕೋನ್, ಅಂದರೆ ಅದುರಿ ಸದ್ದು ಮಾಡುವ ಬಟ್ಟಲು, ಹೊರಕ್ಕೆ ಜಿಗಿಯಿತು. ಎಡಗಡೆಯದು ಒಳಕ್ಕೆ.

ತಪ್ಪು ನನ್ನದೇ. ತಿಂಗಳ ಹಿಂದೆ ಎಡ ಬಾಗಿಲಲ್ಲಿ ಕಂಪನಿ ವೈರಿನ ಬಣ್ಣ ನೋಡಿ, ಬಲಗಡೆಯ ಹಾಗೇ ಇರುತ್ತದೆ ಅಂದುಕೊಂಡು ಸೇರಿಸಿದ್ದೆ.

ಒಂದು ತಿಂಗಳು ಅದು ಸಿಕ್ಕಿಬೀಳದೆ ಇದ್ದದ್ದು ಹೇಗೆ ಅನ್ನೋದೇ ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಪಾಠ. 54 ಸೆಂಟಿಮೀಟರ್ ಅಂದರೆ 300 ಹರ್ಟ್ಜ್ ಆಸುಪಾಸಿನ ಸದ್ದಿಗೆ ಅರ್ಧ ಅಲೆಯಷ್ಟು ಉದ್ದ. ಎರಡೂ ಸ್ಪೀಕರ್ ಸರಿಯಾಗಿದ್ದರೆ ಡ್ರೈವರ್ ಕಿವಿಯ ಹತ್ತಿರ ಆ ಸದ್ದು ಒಂದನ್ನೊಂದು ಕಡಿಯುತ್ತದೆ. ಗಂಡು ದನಿಯ ಮೈಯೆಲ್ಲ ಅಲ್ಲೇ ಇರೋದು. ಒಂದು ಉಲ್ಟಾ ಆಗಿದ್ದರೆ? ಅಲ್ಲಿ ಎರಡೂ ಕೂಡುತ್ತವೆ! ನನ್ನ ತಪ್ಪು ಆ ಜಾಗದಲ್ಲಿ ದನಿಯನ್ನು ತುಂಬಿಕೊಡುತ್ತಿತ್ತು. ಬಾಗಿಲುಗಳಲ್ಲಿ ಸೋರಿಹೋದ ಬೇಸನ್ನು ಡಿಕ್ಕಿಯ ಸಬ್‌ವೂಫರ್ ಮುಚ್ಚಿಹಾಕುತ್ತಿತ್ತು. ಡಿಲೇ ಹಾಕಿ ಎರಡನ್ನೂ ಒಂದೇ ಹೊತ್ತಿಗೆ ತಂದು ನಿಲ್ಲಿಸಿದ ಕೂಡಲೇ ಉಲ್ಟಾ ಸದ್ದು ಎಲ್ಲ ಕಡೆ ಕಡಿಯಿತು. ಸರಿ ಮಾಡಿದ್ದು ಕೆಟ್ಟಂತೆ ಕೇಳಿತು, ಕೆಟ್ಟದ್ದು ಸರಿಯಂತೆ ಕೇಳಿತ್ತು.

ವೈರ್ ಅದಲುಬದಲು ಮಾಡಿದೆವು. ಈಕ್ವಲೈಜರ್ ಪೂರ್ತಿ ಸೊನ್ನೆಗೆ. ಮೊದಲ ದಿನದ ಟೇಪಿನ ನಂಬರುಗಳೇ ವಾಪಸ್. ಹಾಡು ಹಾಕಿದ ತಕ್ಷಣ ಹುಡುಗ ಡ್ಯಾಶ್ ನಡುವಿಗೆ ಬೆರಳು ತೋರಿಸಿದ. ಪಿ.ಬಿ.ಎಸ್. ಅಲ್ಲೇ ನಿಂತಿದ್ದರು.

ಗಿರಾಕಿ ಬಂದು ಕೂತರು. ಮುಖ ಅರಳಲಿಲ್ಲ. “ಎಡಗಡೆ ಎ.ಸಿ. ಕಿಂಡಿ ಹತ್ತಿರ ಇದಾರಲ್ಲಪ್ಪಾ!” ಅವರು ಆರಡಿ ಆಳು. ಕೂತ ತಕ್ಷಣ ಸೀಟು ಹಿಂದಕ್ಕೆ ತಳ್ಳಿದ್ದರು. ನಾನು ಕುಳ್ಳ, ನನ್ನ ಅಳತೆಗೆ ಟ್ಯೂನ್ ಮಾಡಿದ್ದೆ. ಸೀಟು ಹಿಂದೆ ಹೋದಾಗ ಬಲ ಸ್ಪೀಕರ್‌ನ ದೂರ ಎಡದ್ದಕ್ಕಿಂತ ಜಾಸ್ತಿ ಬೆಳೆಯುತ್ತದೆ, ಅಂತರ ಕಮ್ಮಿಯಾಗುತ್ತದೆ. ಎರಡು ಮೂರು ಸೆಂಟಿಮೀಟರ್ ವ್ಯತ್ಯಾಸಕ್ಕೇ ದನಿ ಸರಿಯುತ್ತದೆ. “ಸರ್, ದಿನಾ ಓಡಿಸೋ ಹಾಗೆ ಕೂತ್ಕೊಳ್ಳಿ” ಅಂದು, ಅವರ ಮೂಗಿನ ಎದುರಿಂದ ಮತ್ತೆ ಟೇಪ್ ಹಿಡಿದೆ. ಸೀಟಿನ ಹಳಿಯ ಮೇಲೆ ಬಿಳಿ ಪೇಂಟಿನ ಗುರುತು ಹಾಕಿದೆ.

ಅವರ ಮನೆಯವರು ಎಡ ಸೀಟಲ್ಲಿ ಕೂತು, “ನನಗೆ ಏನೂ ಚೆನ್ನಾಗಿಲ್ಲ, ಎಲ್ಲಾ ಇವರಿಗೇ ಮಾಡಿದೀರಿ” ಅಂದರು. ಅದೂ ನಿಜ. ಒಂದು ಸೀಟಿಗೆ ಹೊಂದಿಸಿದ ಡಿಲೇ ಇನ್ನೊಂದು ಸೀಟಿಗೆ ದಂಡನೆ. ಡಿಲೇ ಇಲ್ಲದ, ಎರಡೂ ಕಡೆ ಸಮ ಜೋರಿನ ಇನ್ನೊಂದು ಸೆಟ್ಟಿಂಗ್ ಉಳಿಸಿ, ಒಂದು ಗುಂಡಿಯಲ್ಲಿ ಬದಲಾಗುವಂತೆ ಮಾಡಿಕೊಟ್ಟೆ.

ಮೂರು ತಿಂಗಳ ಮೇಲೆ ಫೋನ್ ಬಂತು. “ಸರ್ವಿಸ್‌ಗೆ ಕೊಟ್ಟಿದ್ದೆ. ಶ್ರೀನಿವಾಸ್ ಅವರು ಗೇಣು ಬಲಕ್ಕೆ ಬಂದ್ಬಿಟ್ಟಿದಾರೆ.”

“ಸರ್, ಬಿಳಿ ಗುರುತು ನೋಡಿ. ಸೀಟು ಮುಂದಕ್ಕೆ ಬಂದಿರುತ್ತೆ.”

ಕಟಕಟ ಅಂತ ಸೀಟು ಜಾರಿದ ಸದ್ದು ಫೋನಲ್ಲೇ ಕೇಳಿಸಿತು.