ಗ್ಲಾಕೋಮಾ ಡ್ರಾಪ್ಸ್: ಒಂದೇ ಹನಿ ಸಾಕು, ಒಳಗೆ ಬಿದ್ದರೆ

ಗ್ಲಾಕೋಮಾ (ದೃಷ್ಟಿನರ ಸವೆಯುತ್ತಾ ಹೋಗುವ ಕಣ್ಣಿನ ಕಾಯಿಲೆ) ಇದೆ ಎಂದು ಗೊತ್ತಾದವರು ಮೊದಲು ಕೇಳುವುದು, "ನನಗೆ ಚೆನ್ನಾಗೇ ಕಾಣ್ತಿದೆಯಲ್ಲ, ಡ್ರಾಪ್ಸ್ ಯಾಕೆ?" ಚೆನ್ನಾಗಿ ಕಾಣುವುದೇ ಈ ಕಾಯಿಲೆಯ ಮೋಸ. ಸಾಮಾನ್ಯವಾಗಿ ನೋಟದ ಅಂಚು ಮೊದಲು ಸವೆಯುತ್ತದೆ, ನಟ್ಟನಡುವಿನ ನೋಟ ಬಹುಕಾಲ ಉಳಿದಿರುತ್ತದೆ. ಒಂದು ಕಣ್ಣು ಬಿಟ್ಟದ್ದನ್ನು ಇನ್ನೊಂದು ತುಂಬಿಕೊಡುತ್ತದೆ, ಮಿಕ್ಕಿದ್ದನ್ನು ಮೆದುಳು ಊಹಿಸಿಕೊಳ್ಳುತ್ತದೆ. ಹಾಗಾಗಿ ಚಾರ್ಟಿನ ಕೊನೆಯ ಸಾಲನ್ನು ಸಲೀಸಾಗಿ ಓದುವವರಿಗೂ ಪಕ್ಕದಿಂದ ಬರುವ ಸೈಕಲ್ ಕಾಣದೇ ಹೋಗಬಹುದು.

ಕಣ್ಣೊಳಗೆ ಒಂದು ತಿಳಿನೀರು ಸದಾ ಊರುತ್ತಿರುತ್ತದೆ (ಕಣ್ಣೀರಲ್ಲ, ಅದು ಬೇರೆ). ಪಾಪೆಯ ಮೂಲಕ ಮುಂದೆ ಬಂದು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಕೂಡುವ ಮೂಲೆಯ ಜಾಲರಿಯಲ್ಲಿ ಸೋಸಿ ಹೊರಹೋಗುತ್ತದೆ. ಬಚ್ಚಲು ಕಟ್ಟಿಕೊಂಡ ಹಾಗೆ ಆ ದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಹಿಂದಿರುವ ದೃಷ್ಟಿನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಪೊರೆ ಬಂದರೆ ಆಪರೇಷನ್ ಮಾಡಿಸಿ ನೋಟ ಮರಳಿ ಪಡೆಯಬಹುದು. ಇಲ್ಲಿ ಹೋದದ್ದು ಹೋಯಿತು, ಉಳಿದದ್ದನ್ನು ಕಾಯುವುದಷ್ಟೇ ಚಿಕಿತ್ಸೆ.

ಒತ್ತಡ 10ರಿಂದ 21 ಮಿ.ಮೀ. ಪಾದರಸದವರೆಗೆ ನಾರ್ಮಲ್ ಎನ್ನುತ್ತಾರೆ. ಈ ಒಂದೇ ಅಂಕಿಯನ್ನು ನಂಬಿ ಕೂರಬೇಡಿ. 16 ಇದ್ದೂ ನರ ಸವೆಯುವವರಿದ್ದಾರೆ, 24 ಇದ್ದೂ ಏನೂ ಆಗದವರಿದ್ದಾರೆ. ಕಾರ್ನಿಯಾ ತೆಳುವಾಗಿದ್ದರೆ ಯಂತ್ರ ನಿಜಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. ಅದಕ್ಕೇ ಒಮ್ಮೆಯಾದರೂ ಕಾರ್ನಿಯಾದ ದಪ್ಪ ಅಳೆಸಬೇಕು, ಮೂಲೆ ತೆರೆದಿದೆಯೋ ಕಿರಿದಾಗಿದೆಯೋ ನೋಡಿಸಬೇಕು. ನರದ ಒಸಿಟಿ ಸ್ಕ್ಯಾನ್ (ನರದ ಎಳೆಗಳ ದಪ್ಪ ಅಳೆಯುವುದು), ಫೀಲ್ಡ್ ಟೆಸ್ಟ್ (ನೋಟದ ಅಂಚು ಎಷ್ಟು ಉಳಿದಿದೆ ಎಂದು ನೋಡುವುದು) ಇವೆರಡು ಆಗಾಗ ಬೇಕು. "ನನ್ನ ಕಣ್ಣಿಗೆ ಎಷ್ಟು ಒತ್ತಡ ಇರಬೇಕು?" ಎಂದು ಡಾಕ್ಟರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಆ ಗುರಿ ಒಬ್ಬೊಬ್ಬರಿಗೆ ಒಂದೊಂದು.

ಇನ್ನು ಹನಿಯ ವಿಷಯ. ಚಿಕಿತ್ಸೆ ಸೋಲುವುದು ಬಹಳ ಸಲ ಇಲ್ಲೇ.

ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಇಲ್ಲವೇ ಅಂಗಾತ ಮಲಗಿ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದರೆ ಪುಟ್ಟ ಜೇಬಿನಂತಾಗುತ್ತದೆ, ಹನಿ ಬೀಳಬೇಕಾದದ್ದು ಅಲ್ಲಿ. ಬಾಟಲಿ ಹಿಡಿದ ಕೈಯನ್ನು ಹಣೆಗೆ ಆನಿಸಿಕೊಂಡರೆ ನಡುಗುವುದಿಲ್ಲ. ತುದಿ ರೆಪ್ಪೆಗೆ ತಾಗಕೂಡದು, ತಾಗಿದರೆ ಬಾಟಲಿಯೊಳಗೆ ಸೋಂಕು ಸೇರಬಹುದು. ಒಂದು ಹನಿ ಬಿಡಿ. ಎರಡನೆಯದು ದಂಡ: ಕಣ್ಣಿನಲ್ಲಿ ಒಂದು ಹನಿ ನಿಲ್ಲುವಷ್ಟೂ ಜಾಗವಿಲ್ಲ, ಹೆಚ್ಚಿನದು ಕೆನ್ನೆಗೆ ಇಳಿಯುತ್ತದೆ. ಬಿತ್ತೋ ಇಲ್ಲವೋ ಎಂಬ ಅನುಮಾನವಿದ್ದರೆ ಮಾತ್ರ ಇನ್ನೊಂದು.

ಆಮೇಲೆ ಪಟಪಟ ಕಣ್ಣು ಮಿಟುಕಿಸಬೇಡಿ. ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ರಂಧ್ರಗಳಿರುವುದು ಅಲ್ಲಿ. ಹನಿ ಹಾಕಿದ ಮೇಲೆ ಗಂಟಲಲ್ಲಿ ಕಹಿ ಎನಿಸಿದರೆ ಔಷಧಿ ಅದೇ ದಾರಿ ಹಿಡಿದಿದೆ ಎಂದರ್ಥ. ಟಿಮೊಲಾಲ್ ಎಂಬ ಗ್ಲಾಕೋಮಾ ಡ್ರಾಪ್ಸ್ ಹಾಕುವವರಿಗೆ ಇದು ಸಣ್ಣ ವಿಷಯವಲ್ಲ. ಅದು ರಕ್ತಕ್ಕೆ ಸೇರಿ ಹೃದಯಬಡಿತ ನಿಧಾನ ಮಾಡಬಹುದು, ಆಸ್ತಮಾ ಕೆದಕಬಹುದು. ಆಸ್ತಮಾ ಇದ್ದರೆ ಬರೆಯುವ ಮೊದಲೇ ಡಾಕ್ಟರಿಗೆ ಹೇಳಿ. ಕಣ್ಣಿನ ಔಷಧಿಗೂ ಎದೆಗೂ ಏನು ಸಂಬಂಧ ಎಂದುಕೊಂಡು ಸುಮ್ಮನಿರುವವರೇ ಜಾಸ್ತಿ.

ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಲ್ಯಾಟನೊಪ್ರಾಸ್ಟ್ ಎಂಬ ಇನ್ನೊಂದು ಗ್ಲಾಕೋಮಾ ಡ್ರಾಪ್ಸ್ ಸಾಮಾನ್ಯವಾಗಿ ರಾತ್ರಿ ಒಂದೇ ಸಲ. ರೆಪ್ಪೆಗೂದಲು ಉದ್ದವಾಗುವುದು, ಕಣ್ಣಿನ ಸುತ್ತ ಚರ್ಮ ಕಪ್ಪಾಗುವುದು ಅದರ ಅಡ್ಡಪರಿಣಾಮ, ಹಾಗಾಗಿ ಚೆಲ್ಲಿದ್ದನ್ನು ಕೂಡಲೇ ಒರೆಸಿ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ಎಷ್ಟು ದಿನ ಬಳಸಬಹುದೆಂದು ಒಳಗಿನ ಚೀಟಿಯಲ್ಲಿರುತ್ತದೆ, ಹಲವು ಬಾಟಲಿಗಳಿಗೆ 4 ವಾರ. ಮಿಕ್ಕಿದೆಯೆಂದು ಎಳೆದಾಡಬೇಡಿ.

ಚೆಕಪ್ ದಿನ ಡ್ರಾಪ್ಸ್ ತಪ್ಪಿಸಿ ಹೋಗಬೇಡಿ. ಹಾಗೆಯೇ ತಿಂಗಳುಗಟ್ಟಲೆ ಬಿಟ್ಟು, ಹಿಂದಿನ ವಾರ ಮಾತ್ರ ಶಿಸ್ತಾಗಿ ಹಾಕಿಕೊಂಡು ಹೋದರೆ ಅಂದಿನ ಅಂಕಿ ಚೆನ್ನಾಗಿ ಬರುತ್ತದೆ, ನರ ಮಾತ್ರ ಸವೆದಿರುತ್ತದೆ. ಡಾಕ್ಟರ್ ಗೊಂದಲದಲ್ಲಿ ಬೀಳುತ್ತಾರೆ. ಮರೆತದ್ದನ್ನು ಮರೆತೆ ಎಂದೇ ಹೇಳಿ. ದಿನಾ ಹಾಕಲು ಆಗುತ್ತಲೇ ಇಲ್ಲವೆಂದರೆ ಲೇಸರ್ ಬಗ್ಗೆ ಕೇಳಿ. ತೆರೆದ ಮೂಲೆಯ ಗ್ಲಾಕೋಮಾಗೆ ಈಗ ಅದನ್ನು ಮೊದಲ ಚಿಕಿತ್ಸೆಯಾಗಿಯೂ ಮಾಡುತ್ತಾರೆ.

ಕೆಂಪುಕಣ್ಣಿಗೆಂದು ಅಂಗಡಿಯಿಂದ ತಂದ ಸ್ಟೆರಾಯ್ಡ್ ಡ್ರಾಪ್ಸ್ ಕೆಲವರಲ್ಲಿ ವಾರಗಳಲ್ಲೇ ಒತ್ತಡ ಏರಿಸುತ್ತದೆ. ಶೀರ್ಷಾಸನವೂ ಮಾಡುವಷ್ಟು ಹೊತ್ತು ಒತ್ತಡ ಏರಿಸುತ್ತದೆ, ಬಿಡುವುದು ಲೇಸು. ನಡಿಗೆಗೆ ಅಡ್ಡಿಯಿಲ್ಲ.

ಇದ್ದಕ್ಕಿದ್ದಂತೆ ಕಣ್ಣುನೋವು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ, ಮಬ್ಬು ಇವು ಒಟ್ಟಿಗೆ ಬಂದರೆ ಕಣ್ಣೊಳಗಿನ ನೀರು ಹೊರಹೋಗುವ ಮೂಲೆ ಪೂರ್ತಿ ಮುಚ್ಚಿರಬಹುದು. ವಾಂತಿ ನೋಡಿ ಹೊಟ್ಟೆಯ ತೊಂದರೆ ಎಂದುಕೊಂಡು ಬೆಳಗಿನವರೆಗೆ ಕಾಯಬೇಡಿ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಬಂದರೆ ಒಡಹುಟ್ಟಿದವರು, ಮಕ್ಕಳು ಕೂಡ ತೋರಿಸಿಕೊಳ್ಳಬೇಕು, ಅದರಲ್ಲೂ 40 ದಾಟಿದ್ದರೆ. ಕನ್ನಡಕದ ನಂಬರ್ ಅಷ್ಟೇ ನೋಡಿ ಕಳಿಸಿದರೆ ಅದು ಲೆಕ್ಕಕ್ಕಿಲ್ಲ. ನರ ನೋಡಿದಿರಾ ಎಂದು ಕೇಳಿ.