ಲಾಂಚ್ ಇಲ್ಲದ ಹೊಳೆಬಾಗಿಲು

ಸಿಗಂದೂರಿಗೆ ಹೋಗಿ ಬಂದವರ ಬಾಯಲ್ಲಿ ದೇವಿ ದರ್ಶನಕ್ಕಿಂತ ಮೊದಲು ಲಾಂಚ್ ಸುದ್ದಿಯೇ ಬರುತ್ತಿತ್ತು. ಕಾರು, ಬೈಕು, ಕೊನೆಗೆ ಬಸ್ಸು ಕೂಡ ಅದರ ಮೇಲೆ ನಿಂತು ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರು ದಾಟುತ್ತಿದ್ದವು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. "ಇನ್ನೇನು ಮಜಾ ಉಳೀತು?" ಅಂತ ಬೆಂಗಳೂರಿನ ಗೆಳೆಯರು ಬೇಜಾರು ಮಾಡಿಕೊಂಡರು. ಹೋಗಿ ನೋಡೇಬಿಡೋಣ ಅನಿಸಿತು. ಕಾರು ಬೇಡ, ರೈಲು ಮತ್ತು ಬಸ್ಸಿನಲ್ಲೇ ಹೋಗೋಣ ಅಂದುಕೊಂಡೆ. ಊರಿನವರು ಓಡಾಡುವುದು ಹಾಗೇ ಅಲ್ವಾ?

ಮೈಸೂರಿನಿಂದ ಬರುವ ತಳಗುಪ್ಪ ರೈಲನ್ನು ರಾತ್ರಿ ಬೆಂಗಳೂರಿನಲ್ಲಿ ಹತ್ತಿದೆ. ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣ. ಈ ಹಳಿಗೂ ಒಂದು ಕಥೆ ಇದೆ. ಬೀರೂರಿನಿಂದ ಶಿವಮೊಗ್ಗಕ್ಕೆ ಬಂದು ನಿಂತಿದ್ದ ರೈಲು ದಾರಿ ತುಂಡು ತುಂಡಾಗಿ ಮುಂದುವರಿದು ತಳಗುಪ್ಪ ಮುಟ್ಟಿದ್ದು 1940ರಲ್ಲಿ. ಜೋಗ ನೋಡುವವರು ಅಲ್ಲೇ ಇಳಿಯುತ್ತಿದ್ದರು. ಮೀಟರ್ ಗೇಜ್ ಕಾಲದ ಕೊನೆಗೆ ಶಿವಮೊಗ್ಗ–ತಳಗುಪ್ಪ ನಡುವೆ ರೈಲ್‌ಬಸ್ ಓಡುತ್ತಿತ್ತು. ಬಸ್ಸನ್ನು ಎತ್ತಿ ಹಳಿ ಮೇಲೆ ಇಟ್ಟ ಹಾಗೆ. ಬ್ರಾಡ್‌ಗೇಜ್ ಆದ ಮೇಲೆ ಸಾಗರದವರು ರಾತ್ರಿ ಮಲಗಿದರೆ ಬೆಳಗ್ಗೆ ಬೆಂಗಳೂರು. ರೈಲ್‌ಬಸ್ ಹೋಯಿತು ಅಂತ ಅಳುವವರು ನನಗೆ ಸಿಗಲಿಲ್ಲ.

ಸಾಗರದಲ್ಲಿ ತಿಂಡಿ ಮುಗಿಸಿ ಖಾಸಗಿ ಬಸ್ ಹತ್ತಿದೆ. ಮಲೆನಾಡಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಹಾಗಾಗಿ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣದ ಲಾಭ ಇಲ್ಲಿನ ಹೆಂಗಸರಿಗೆ ಅಷ್ಟಕ್ಕಷ್ಟೇ. ಅದು ಸರ್ಕಾರಿ ಬಸ್ಸಿಗೆ ಮಾತ್ರ ತಾನೆ? ಪಕ್ಕದ ಸೀಟಿನ ಅಮ್ಮ ಕಂಡಕ್ಟರ್‌ಗೆ ದುಡ್ಡು ಕೊಡುತ್ತಾ, "ಪೇಟೆ ಹೆಂಗಸ್ರಿಗೆ ಫ್ರೀ, ನಮಗೆ ಇದೇ ಗತಿ" ಎಂದು ನಕ್ಕರು. ಅವರದು ಹೊಳೆಯಾಚೆ ತುಮರಿ ಕಡೆಯ ಊರು. ಕಣ್ಣಿನ ಡಾಕ್ಟರಿಗೆ ತೋರಿಸಲು ಸಾಗರಕ್ಕೆ ಬಂದು, ಮಗಳ ಮನೆಯಲ್ಲಿ ಉಳಿದು, ಈಗ ವಾಪಸ್ ಹೊರಟಿದ್ದರು.

ಆಚೆ ದಡದವರನ್ನು ದ್ವೀಪದವರು ಅಂತಲೇ ಕರೆಯುತ್ತಿದ್ದರು. ಹುಟ್ಟಿದಾಗ ಅದು ದ್ವೀಪವಾಗಿರಲಿಲ್ಲ, ನಾವು ಮಾಡಿದ್ದು. ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು, 1948ರಲ್ಲಿ. ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಇದರ ಹಿನ್ನೀರು ಎಷ್ಟು ಹರಡಿತೆಂದರೆ ಊರು, ಗದ್ದೆ, ತೋಟದ ಜೊತೆಗೆ ಆ ಹಳೆಯ ಅಣೆಕಟ್ಟೂ ಮುಳುಗಿತು. ಎಷ್ಟೋ ಕುಟುಂಬಗಳು ಗಂಟು ಮೂಟೆ ಕಟ್ಟಿಕೊಂಡು ಶಿವಮೊಗ್ಗದ ಕಡೆಗೆ ಹೋದವು. 'ಮುಳುಗಡೆ' ಅಂದರೆ ಸಾಕು, ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ಸಾಗರ ಪೇಟೆಗೆ ಬರಲು ಹೊಳೆ ದಾಟಬೇಕಾಯಿತು. ಇಲ್ಲವೇ ಹೊಸನಗರದ ಕಡೆಯಿಂದ ದೊಡ್ಡ ಸುತ್ತು.

"ನಿಮ್ಗೆಲ್ಲ ಲಾಂಚ್ ತುಂಬಾ ಚಂದ ಕಾಣ್ತಿತ್ತು, ಅಲ್ದಾ ತಮಾ?" ಅಂದರು ಆ ಅಮ್ಮ. "ರಾತ್ರಿ ಹೆರಿಗೆ ನೋವು ಬಂದ ಹೆಂಗಸಿಗೆ ಚಂದ ಕಾಣ್ತಿತ್ತಾ ಕೇಳು."

ನಾನು ಸುಮ್ಮನಾದೆ. ಸಂಜೆ ಕೊನೆಯ ಲಾಂಚ್ ಹೋಯಿತೆಂದರೆ ಆಚೆಯವರು ಆಚೆಗೇ. ಸಾಗರದಲ್ಲಿ ಕೋರ್ಟು ಕೆಲಸ, ಬ್ಯಾಂಕು, ಮದುವೆ ಊಟ, ಏನೇ ಇರಲಿ, ಒಂದು ಕಣ್ಣು ಗಡಿಯಾರದ ಮೇಲೆ ಇರಬೇಕಿತ್ತು. ರಜೆ ದಿನಗಳಲ್ಲಿ ನಮ್ಮಂಥವರ ಕಾರುಗಳು ಅಂಬಾರಗೋಡ್ಲು ದಡದಿಂದ ಉದ್ದಕ್ಕೂ ಸಾಲು ನಿಲ್ಲುತ್ತಿದ್ದವು. ಬೇಸಿಗೆ ಬಂದರೆ ಇನ್ನೊಂದು ತಾಪತ್ರಯ, ನೀರು ಇಳಿದು ಲಾಂಚ್ ದಡಕ್ಕೆ ಬರುವುದೇ ಕಷ್ಟ. 2023ರ ಜೂನ್‌ನಲ್ಲಿ ಮಳೆ ತಡವಾದಾಗ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದರು. ಅಂಥ ಬೇಸಿಗೆಗಳಲ್ಲಿ ಮಡೆನೂರಿನ ಹಳೆಯ ಅಣೆಕಟ್ಟು ನೀರಿನಿಂದ ಮೇಲೆ ಬಂದು ಕಾಣುತ್ತದೆ, ಜನ ಅದರ ಫೋಟೋ ತೆಗೆಯಲು ಹೋಗುತ್ತಾರೆ. ನೋಡುವವರಿಗೆ ಹಬ್ಬ, ದಾಟುವವರಿಗೆ ಪರದಾಟ. ಎರಡಕ್ಕೂ ಕಾರಣ ಒಂದೇ.

ಸೇತುವೆ ಬೇಕು ಅಂತ ದ್ವೀಪದವರು ದಶಕಗಳ ಕಾಲ ಮನವಿ ಕೊಟ್ಟರು, ಪಾದಯಾತ್ರೆ ಮಾಡಿದರು. 2018ರಲ್ಲಿ ಶಂಕುಸ್ಥಾಪನೆಯಾಗಿ, ಮುಗಿಯುವ ಹೊತ್ತಿಗೆ ಏಳು ವರ್ಷ. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ 2.44 ಕಿ.ಮೀ. ನೀರು ಆಳವಾಗಿರುವ ನಡುಭಾಗದಲ್ಲಿ ಕಂಬಗಳು ಕಡಿಮೆ. ಅಲ್ಲಿ ಎತ್ತರದ ಗೋಪುರಗಳಿಂದ ಕೇಬಲ್ ಎಳೆದು ರಸ್ತೆಯನ್ನು ಹಿಡಿದು ನಿಲ್ಲಿಸಿದ್ದಾರೆ. ನಮ್ಮ ಬಸ್ಸು ಒಂದು ಹಾಡು ಮುಗಿಯುವುದರೊಳಗೆ ದಾಟಿಬಿಟ್ಟಿತು. ಎರಡೂ ಕಡೆ ಅಗಲವಾದ ನೀರು, ಒಣಗಿ ನಿಂತ ಮರದ ಬೊಡ್ಡೆಗಳು, ಗುಡ್ಡಗಳು. ನಡುವೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರನ್ನು ನೋಡಿ ಡ್ರೈವರ್ ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ. ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಒಂದು ಮಾತು ಒಪ್ಪಬೇಕು. ಲಾಂಚ್ ಮೇಲೆ ಬೆಂಜ್ ಕಾರಿನವನೂ ಅಡಿಕೆ ಮೂಟೆಯವನೂ ಒಂದೇ ಸಮಯಕ್ಕೆ ದಾಟುತ್ತಿದ್ದರು. ಈಗ ಸ್ವಂತ ಗಾಡಿ ಇದ್ದವರಿಗೆ ಇಪ್ಪತ್ನಾಲ್ಕು ಗಂಟೆಯೂ ದಾರಿ ತೆರೆದಿದೆ. ಬಸ್ ನಂಬಿದವರು ಲಾಂಚ್ ವೇಳೆ ಬಿಟ್ಟು ಬಸ್ ವೇಳೆ ನೋಡುತ್ತಿದ್ದಾರೆ, ಅಷ್ಟೇ. "ರಾತ್ರಿ ಎಂಟಕ್ಕೊಂದು ಬಸ್ ಬಿಟ್ರೆ ನಮ್ಮ ಪಾಲಿಗೂ ಸೇತುವೆ ಆಯ್ತು ಅಂತ ಲೆಕ್ಕ" ಅಂದರು ಆ ಅಮ್ಮ, ಇಳಿಯುವ ಮುಂಚೆ. ಹೊಸ ಸೇತುವೆ ಉದ್ಘಾಟಿಸುವವರು ಕೇಳಿಸಿಕೊಳ್ಳಬೇಕಾದ ಮಾತು ಇದೇ ಅಂತ ನನ್ನ ಅಭಿಪ್ರಾಯ.

ಸಿಗಂದೂರಿನಲ್ಲಿ ಚೌಡೇಶ್ವರಿ ದರ್ಶನಕ್ಕೆ ರಶ್ಶು. ಪ್ರಸಾದದ ಊಟ ಮಾಡಿ ಕೊಲ್ಲೂರಿನ ಕಡೆ ಹೊರಟೆ. ಸೇತುವೆ ಎಷ್ಟು ಅಗಲವೋ ಈ ರಸ್ತೆ ಅಷ್ಟೇ ಸಣ್ಣದು. ಎದುರಿಗೆ ಟೆಂಪೋ ಟ್ರಾವೆಲರ್ ಬಂದರೆ ಯಾರಾದರೂ ಒಬ್ಬರು ಮಣ್ಣಿಗೆ ಇಳಿಯಲೇಬೇಕು. ನಾಗೋಡಿ ದಾಟಿದ ಮೇಲೆ ಘಾಟಿ ಇಳಿಜಾರು, ದಟ್ಟ ಕಾಡು, ಕಿವಿಗೆ ಗಾಳಿ ಕಟ್ಟಿದ ಹಾಗಾಗುತ್ತದೆ.

ಕೊಲ್ಲೂರಿನಲ್ಲಿ ಎಲ್ಲಿ ನೋಡಿದರೂ ಮಲಯಾಳಿಗಳು. ಮೊದಲು ಇವರು ರೈಲಿನಲ್ಲಿ ಮಂಗಳೂರು ತನಕ ಬಂದು ಅಲ್ಲಿಂದ ಬಸ್ ಹಿಡಿಯಬೇಕಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಈಗ ನೇರ ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣಕ್ಕೆ ಬಂದು ಇಳಿಯುತ್ತಾರೆ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರ್ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಒಂದು ಕುಟುಂಬಕ್ಕೆ ಪ್ಲಾನ್ ಹೇಳುತ್ತಿದ್ದ: ಬೆಳಗ್ಗೆ ದರ್ಶನ, ಆಮೇಲೆ ಸಿಗಂದೂರು, ಜೋಗ, ರಾತ್ರಿಯೊಳಗೆ ವಾಪಸ್. ಅವರು ಹೋದ ಮೇಲೆ ಕೇಳಿದೆ, ಮೊದಲೂ ಹೀಗೇ ಕರೆದುಕೊಂಡು ಹೋಗುತ್ತಿದ್ದಿರಾ ಅಂತ.

"ಎಲ್ಲಿ ಮಾರಾಯ್ರೆ! ಲಾಂಚಿನ ಲೈನ್ ನೋಡಿ ಮಾತು ಕೊಡ್ಲಿಕ್ಕೆ ಆಗ್ತಿತ್ತಾ? ಟ್ರೇನ್ ತಪ್ಪಿದ್ರೆ ನನ್ನ ಕುತ್ತಿಗೆ ಹಿಡೀತಿದ್ರು."

ನಾನು ಬೈಂದೂರಿಗೆ ಹೋಗಿ ರಾತ್ರಿ ಕಾರವಾರದಿಂದ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆ. ಬೆಳಗ್ಗೆ ಬೆಂಗಳೂರು. ಹೋಗುವಾಗ ಒಂದು ರೈಲು, ಬರುವಾಗ ಇನ್ನೊಂದು, ಒಂದೇ ದಾರಿಯನ್ನು ಎರಡು ಸಲ ತುಳಿಯಬೇಕಾಗಿಲ್ಲ. ನೀವೂ ಹೀಗೆ ಹೋಗುವುದಾದರೆ ಎರಡೂ ಟಿಕೆಟ್ ಮೊದಲೇ ಮಾಡಿಸಿಕೊಳ್ಳಿ. ಕಷ್ಟ ಬರುವುದು ತುಮರಿಯಿಂದ ಕೊಲ್ಲೂರಿನ ತುಂಡಿನಲ್ಲಿ. ಅಲ್ಲಿನ ಬಸ್ ಎಷ್ಟು ಹೊತ್ತಿಗೆ ಅಂತ ಸಾಗರದಲ್ಲೇ ಕೇಳಿಕೊಂಡು ಹೊರಡಿ.