ಅವರು ಏನು ತಪ್ಪು ಮಾಡಿದ್ದರು, ಅಮ್ಮಾ?

ಹೋದ ತಿಂಗಳು ನಮ್ಮೂರು ಸಾಗರದಲ್ಲಿ ಅಪ್ಪ ತೀರಿಕೊಂಡರು. ಮೆಲ್ಬರ್ನ್‌ನಿಂದ ಹೊರಟು ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ ಎಂದು ಅಣ್ಣನೇ ಹೇಳಿದ್ದರಿಂದ, ಅವರ ಕೊನೆಯ ಯಾತ್ರೆಯನ್ನು ಅಡುಗೆಮನೆಯ ಕಟ್ಟೆಗೆ ಒರಗಿಸಿಟ್ಟ ಮೊಬೈಲಿನಲ್ಲಿ ನೋಡಿದೆ. ಮಾರನೆಯ ಸಂಜೆ, ಎಂದೂ ಬೇಲಿಯಾಚೆಯಿಂದಲೇ ಮಾತನಾಡಿ ಹೋಗುವ ಪಕ್ಕದ ಮನೆಯ ವೃದ್ಧೆ ಮುಂಬಾಗಿಲಿಗೆ ಬಂದು, ತಮ್ಮ ಹಿತ್ತಿಲಿನ ನಿಂಬೆಹಣ್ಣುಗಳ ಚೀಲವನ್ನು ನನ್ನ ಕೈಗಿಟ್ಟು, ಆ ಕೈಯನ್ನು ಬಹಳ ಹೊತ್ತು ಬಿಡದೆ ‘ಐ ಆಮ್ ಸೋ ಸಾರಿ’ ಎಂದರು. ಅವರು ಹೋದ ಮೇಲೆ ಏಳು ವರ್ಷದ ಮಗಳು ಕೇಳಿದಳು: ‘ಅಮ್ಮಾ, ಅವರು ಏನು ತಪ್ಪು ಮಾಡಿದ್ದರು?’

ತಪ್ಪು ಮಾಡಿದರೆ ‘ಸಾರಿ’ ಎನ್ನಬೇಕೆಂದು ಅವಳಿಗೆ ಕಲಿಸಿದವಳು ನಾನೇ. ಬಸ್ಸಿನಲ್ಲಿ ಯಾರದೋ ಕಾಲು ತುಳಿದಾಗ ಹೇಳುವ ಮಾತೆಂದು ನಾನೂ ಊರಿನಲ್ಲಿ ಕಲಿತಿದ್ದೆ. ಇಲ್ಲಿಯವರು ಮಾತು ಸರಿಯಾಗಿ ಕೇಳಿಸದಿದ್ದಾಗಲೂ ‘ಸಾರಿ?’ ಎನ್ನುತ್ತಾರೆ, ಪಾಳುಬಿದ್ದ ಮನೆಯ ದುಃಸ್ಥಿತಿಯನ್ನೂ ಅದೇ ಪದದಿಂದ ಬಣ್ಣಿಸುತ್ತಾರೆ. ಆದರೆ ಈ ಪದದ ಬೇರಿನಲ್ಲಿ ತಪ್ಪಿನ ಸುಳಿವೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಸಾರ್’ ಎಂದರೆ ನೋವು, ಗಾಯ. ಹುಣ್ಣಿಗೆ ಇಂದು ಹೇಳುವ ‘ಸೋರ್’ ಅದರದೇ ಮುಂದಿನ ರೂಪ. ಆ ನೋವುಳ್ಳವನನ್ನು ಹೇಳುವ ಪದವೇ ಸವೆದು ‘ಸಾರಿ’ ಆಯಿತು. ದುಃಖವೆಂಬರ್ಥದ ‘ಸಾರೋ’ ಇದರ ಒಡಹುಟ್ಟಿದ್ದೆಂದು ನಾನು ನಂಬಿದ್ದೆ, ಆದರೆ ಅದು ಬೇರೆಯೇ ಮೂಲದ್ದು. ಶತಮಾನಗಳ ಒಡನಾಟದಲ್ಲಿ ಎರಡೂ ಒಂದನ್ನೊಂದು ಹೋಲತೊಡಗಿವೆ, ಅಷ್ಟೆ.

ಈ ಒಂದು ಪದಕ್ಕಾಗಿ ಆಸ್ಟ್ರೇಲಿಯಾ ವರ್ಷಗಟ್ಟಲೆ ಜಗ್ಗಾಡಿದೆ. ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರಗಳು ತಾಯ್ತಂದೆಯರಿಂದ ಕಿತ್ತುಕೊಂಡ ಪದ್ಧತಿಯ ಕುರಿತು 1997ರಲ್ಲಿ ವರದಿ ಬಂದರೂ, ಹಿಂದಿನವರ ಅಪರಾಧವನ್ನು ಇಂದಿನವರು ಹೊರಬೇಕಿಲ್ಲವೆಂದ ಪ್ರಧಾನಿ ಜಾನ್ ಹೋವರ್ಡ್ 1999ರ ಸಂಸತ್ತಿನ ನಿರ್ಣಯದಲ್ಲಿ ವಿಷಾದ ಸೂಚಿಸಿದರೇ ಹೊರತು ‘ಸಾರಿ’ ಎನ್ನಲಿಲ್ಲ. 2008ರ ಫೆಬ್ರವರಿ 13ರಂದು ಅವರ ನಂತರದ ಪ್ರಧಾನಿ ಕೆವಿನ್ ರಡ್ ಅದನ್ನು ಸಂಸತ್ತಿನಲ್ಲಿ ಹೇಳಿದರು. ಅದೇ ಮೂಲನಿವಾಸಿಗಳು ತಮ್ಮ ಇಂಗ್ಲಿಷಿನಲ್ಲಿ ಸಾವಿನ ಶೋಕಾಚರಣೆಯನ್ನು ‘ಸಾರಿ ಬಿಸಿನೆಸ್’ ಎನ್ನುತ್ತಾರೆಂದು ತಿಳಿದಾಗ ನಾನು ಸುಮ್ಮನೆ ಕುಳಿತುಬಿಟ್ಟೆ: ಪದದ ಹಳೆಯ ನೋವು ಅವರಲ್ಲಿ ಉಳಿದಿದೆ.

‘ತಪ್ಪೇನೂ ಮಾಡಿಲ್ಲ ಪುಟ್ಟಿ, ಅವರಿಗೂ ನೋವಾಗಿದೆಯಂತೆ’ ಎಂದೆ ಮಗಳಿಗೆ.

ಅದನ್ನು ಹೇಳಲು ನಮ್ಮೂರಿನಲ್ಲಿ ಮಾತೇ ಬೇಕಾಗುವುದಿಲ್ಲ. ಸಾವಿನ ಮನೆಗೆ ‘ಮಾತನಾಡಿಸಿ ಬರಲು’ ಹೋದವರು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದು, ‘ಬರುತ್ತೇನೆ’ ಎಂದೂ ಹೇಳದೆ ಎದ್ದು ಹೋಗುತ್ತಾರೆ. ಆ ಮೌನ ನನಗೆ ಈ ತಿಂಗಳು ಬಹಳ ಬೇಕಾಗಿತ್ತು. ಆದರೆ ತಪ್ಪಿನ ವಿಷಯದಲ್ಲೂ ನಾವು ಮೌನವನ್ನೇ ನೆಚ್ಚಿಕೊಂಡಿದ್ದೇವೆ. ಮಗುವಿನೆದುರು ‘ನನ್ನದು ತಪ್ಪಾಯಿತು’ ಎಂದ ಹಿರಿಯರನ್ನು ನಾನು ಕಂಡಿಲ್ಲ, ಇದು ಸರಿಯೆಂದೂ ನನಗೆ ಅನ್ನಿಸುವುದಿಲ್ಲ. ನಾನು ಐದನೆಯ ತರಗತಿಯಲ್ಲಿದ್ದಾಗ, ಹತ್ತು ರೂಪಾಯಿ ಕಳೆದೆನೆಂದು ಅಪ್ಪ ನನಗೆ ಹೊಡೆದಿದ್ದರು. ಆ ನೋಟು ಅವರ ಅಂಗಿಯ ಜೇಬಿನಲ್ಲೇ ಸಿಕ್ಕಿತು. ಅವರು ಏನೂ ಹೇಳಲಿಲ್ಲ. ಆ ರಾತ್ರಿ ಚಿಮಣಿ ದೀಪದ ಮುಂದೆ ಕುಳಿತು ನನ್ನ ಪುಸ್ತಕಗಳಿಗೆಲ್ಲ ಖಾಕಿ ಕಾಗದದ ಬೈಂಡು ಹಾಕಿದರು. ಒಂದೊಂದು ಮಡಿಕೆಯನ್ನೂ ಉಗುರಿನಿಂದ ತೀಡಿ, ಚೀಟಿ ಅಂಟಿಸಿ, ತಮ್ಮ ದುಂಡು ಅಕ್ಷರದಲ್ಲಿ ನನ್ನ ಹೆಸರು ಬರೆದರು.